ಒಬ್ಬನೇ ಸಿಪಾಯಿ ಅಷ್ಟೊಂದು ಯುದ್ಧ ಕಂಡಿರಲು ಸಾಧ್ಯವೆ?

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದ ಸೀತಾರಾಮ ಪಾಂಡೆ ಎಂಬ ಸಿಪಾಯಿ 48 ವರ್ಷ ಚಾಕರಿ ಮಾಡಿದನಂತೆ. ಗೂರ್ಖಾ ಯುದ್ಧದಿಂದ ಹಿಡಿದು 1857ರ ದಂಗೆಯವರೆಗೆ ಎಲ್ಲದರಲ್ಲೂ ಇದ್ದನಂತೆ. ಕೊನೆಗೆ ಹೆತ್ತ ಮಗನನ್ನೇ ಗುಂಡಿಟ್ಟು ಕೊಂದನಂತೆ. ಒಂದೇ ಬಾಳಿನಲ್ಲಿ ಇಷ್ಟೆಲ್ಲ ನಡೆದಿರಲು ಸಾಧ್ಯವೆ, ಇಲ್ಲಾ ಯಾರೋ ಬ್ರಿಟಿಷ್ ಅಧಿಕಾರಿ ಹೆಣೆದ ಕತೆಯೆ? ನಮ್ಮ ಕಡೆಯವರೂ ಈ ಯುದ್ಧಗಳಲ್ಲಿ ಇದ್ದರೆ? ಅವನು ಬರೆದ ಮೂಲ ಎಲ್ಲಿ ಸಿಗುತ್ತದೆ?

ಉತ್ತರ: ಯುದ್ಧಗಳ ಸಂಖ್ಯೆಯ ಬಗ್ಗೆ ಅನುಮಾನ ಪಡಬೇಕಿಲ್ಲ. ಅವನ ಹೆಸರಿನಲ್ಲಿರುವ ಆತ್ಮಕಥೆ ‘ಫ್ರಮ್ ಸಿಪಾಯ್ ಟು ಸುಬೇದಾರ್’ನಲ್ಲಿ ನಂಬಲು ಅತಿ ಸುಲಭವಾದ ಭಾಗವೇ ಅದು. ಸೀತಾರಾಮ ಸೇನೆಗೆ ಸೇರಿದ್ದು 1812ರಲ್ಲಿ, ಪಿಂಚಣಿ ಪಡೆದು ಹೊರಬಂದದ್ದು 1860ರಲ್ಲಿ. ಆ ಅವಧಿಯಲ್ಲಿ ಕಂಪನಿ ಉತ್ತರದಲ್ಲಿ ಯಾರ ಮೇಲೆ ಯುದ್ಧಕ್ಕೆ ಹೋಗಲಿಲ್ಲ ಎಂದು ಪಟ್ಟಿ ಮಾಡುವುದೇ ಸುಲಭ. 1814ರಿಂದ 1816ರವರೆಗೆ ನೇಪಾಳ, 1817–18ರಲ್ಲಿ ಪಿಂಡಾರಿಗಳು (ಕುದುರೆಯೇರಿ ಸೂರೆ ಮಾಡುತ್ತಿದ್ದ ತಂಡಗಳು) ಮತ್ತು ಮರಾಠರು, 1825–26ರಲ್ಲಿ ಭರತಪುರದ ಕೋಟೆ, 1838ರಿಂದ 1842ರವರೆಗೆ ಅಫ್ಘಾನಿಸ್ತಾನ, 1845–46ರಲ್ಲಿ ಮತ್ತು ಮತ್ತೆ 1848–49ರಲ್ಲಿ ಸಿಖ್ಖರು, 1857ರಲ್ಲಿ ಕಂಪನಿಯದೇ ಸಿಪಾಯಿಗಳು. ಮೀಸೆ ಮೂಡುವ ವಯಸ್ಸಿಗೆ ಸೇರಿ ಅರವತ್ತು ದಾಟುವವರೆಗೆ ಸಾಯದೆ ಉಳಿದ ಯಾವ ಬಂಗಾಳ ಸಿಪಾಯಿಯಾದರೂ ಇವುಗಳಲ್ಲಿ ಮೂರು ನಾಲ್ಕನ್ನಾದರೂ ಕಂಡೇ ಇರುತ್ತಿದ್ದ. ಅಪರೂಪವಾದದ್ದು ಅವನು ಯುದ್ಧಗಳನ್ನು ಕಂಡದ್ದಲ್ಲ, ಅವುಗಳ ನಂತರವೂ ಬದುಕಿದ್ದದ್ದು.

ಅವನ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ನೋಡಿ. 1824ರಲ್ಲಿ ಶುರುವಾದ ಬರ್ಮಾ ಯುದ್ಧ ಇಲ್ಲ, ಚೀನಾದ ಅಫೀಮು ಯುದ್ಧ ಇಲ್ಲ. ಚೀನಾಕ್ಕೆ ಹಡಗೇ ದಾರಿ, ಬರ್ಮಾಕ್ಕೂ ಹೆಚ್ಚಿನ ಪಡೆ ಹಡಗಿನಲ್ಲೇ ಹೋಯಿತು. ಅವಧ್ ಸೀಮೆಯ, ಅಂದರೆ ಲಖ್ನೋ ಸುತ್ತಿನ ನಾಡಿನ ಬ್ರಾಹ್ಮಣ ಸಿಪಾಯಿಗೆ ಕಾಲಾಪಾನಿ, ಅಂದರೆ ಸಮುದ್ರ ದಾಟುವುದೆಂದರೆ ಜಾತಿ ಕಳೆದುಕೊಳ್ಳುವುದು. ಬಂಗಾಳ ಸೇನೆಯ ಹೆಚ್ಚಿನ ಪಲ್ಟನ್‌ಗಳಿಗೆ ಸಮುದ್ರಯಾನದ ಕರಾರೇ ಇರಲಿಲ್ಲ. 1824ರಲ್ಲಿ ಬರ್ಮಾ ಕಡೆಗೆ ಹೊರಡಬೇಕಿದ್ದ 47ನೇ ಪಲ್ಟನ್, ಸಾಮಾನು ಹೊರಲು ಎತ್ತುಗಳನ್ನು ಕೊಡದೆ ನಡೆಯುವುದಿಲ್ಲ ಎಂದು ಬ್ಯಾರಕ್‌ಪುರದಲ್ಲಿ ಹಟ ಹಿಡಿದು ನಿಂತಾಗ, ಅವರ ಮೇಲೆ ತೋಪು ಹಾರಿಸಲಾಯಿತು. ಕೂತಲ್ಲಿ ಕತೆ ಕಟ್ಟುವವನಾಗಿದ್ದರೆ ಬರ್ಮಾ ಕಾಡನ್ನೂ ಸೇರಿಸದೆ ಬಿಡುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಮನುಷ್ಯನ ಬಗ್ಗೆ. ಸೀತಾರಾಮ ಅವಧ್‌ನ ತಿಲೋಯಿಯಲ್ಲಿ 1797ರ ಸುಮಾರಿಗೆ ಹುಟ್ಟಿದ, ಸ್ವಂತ ಹೊಲವಿದ್ದ ಬ್ರಾಹ್ಮಣ ಮನೆತನದವನು. ಸೋದರಮಾವ ಹನುಮಾನ್ ಕಂಪನಿಯಲ್ಲಿ ಜಮಾದಾರ. ರಜೆಯಲ್ಲಿ ಊರಿಗೆ ಬಂದಾಗ ಕೊರಳಲ್ಲಿ ಚಿನ್ನದ ಮಣಿಸರ, ಮೈಮೇಲೆ ಕೆಂಪು ಕೋಟು, ಸೊಂಟದ ಗಂಟಿನಲ್ಲಿ ಮೊಹರುಗಳು. ಹುಡುಗನ ತಲೆ ತಿರುಗಲು ಇನ್ನೇನು ಬೇಕು? ತಾಯಿಗೆ ಮಗ ಪುರೋಹಿತನಾಗಲಿ ಎಂಬಾಸೆ. ಮಗ ಮಾವನ ಹಿಂದೆ ಆಗ್ರಾಕ್ಕೆ ನಡೆದ. ಬಂಗಾಳ ಸೇನೆಗೆ ಜನ ಬರುತ್ತಿದ್ದದ್ದೇ ಹೀಗೆ. ಜಾಹೀರಾತು, ಡಂಗುರ ಏನೂ ಬೇಕಿರಲಿಲ್ಲ. ರಜೆಗೆ ಹೋದ ನೆಂಟ ತನ್ನ ಜಾತಿಯ, ತನ್ನ ಊರಿನ ನಾಲ್ಕು ಹುಡುಗರನ್ನು ಜೊತೆಗೆ ಕರೆತರುತ್ತಿದ್ದ. ಪಲ್ಟನ್ನಿನಲ್ಲಿ ಅಕ್ಕಪಕ್ಕ ನಿಂತವರು ಅಣ್ಣತಮ್ಮಂದಿರು, ಮಾವ ಭಾವಂದಿರು. ಇದರ ಲಾಭವನ್ನು ಕಂಪನಿ ದಶಕಗಟ್ಟಲೆ ಉಂಡಿತು, ನಷ್ಟವನ್ನು 1857ರಲ್ಲಿ ಒಟ್ಟಿಗೇ ತೆತ್ತಿತು.

ಕೆಂಪು ಕೋಟಿನ ಮೋಹ ಅದನ್ನು ತೊಟ್ಟ ದಿನವೇ ಇಳಿಯಿತು. ಕೋಟು ಕಂಕುಳಲ್ಲಿ ಬಿಗಿಯುತ್ತಿತ್ತು, ಕೊರಳಿಗೆ ಕಟ್ಟುವ ಗಟ್ಟಿ ತೊಗಲಿನ ಪಟ್ಟಿ ಉಸಿರು ಕಟ್ಟಿಸುತ್ತಿತ್ತು. ಕೋವಿ ನಾಲ್ಕೂವರೆ ಕಿಲೋಗಿಂತ ಹೆಚ್ಚು ಭಾರ. ಡ್ರಿಲ್ ಹವಾಲ್ದಾರನ ಕೈ ಬೆಚ್ಚಗೆ ಮಾಡದ ಹುಡುಗನಿಗೆ ಕವಾಯತಿನ ಬಯಲು ನರಕ. ಇಂಥ ಕಡೆಗಳಲ್ಲಿ ನಾನು ಅವನನ್ನು ಪೂರ್ತಿ ನಂಬುತ್ತೇನೆ. ಯುದ್ಧದ ಗೆಲುವು ಸೋಲು ಯಾರಿಗಾದರೂ ಗೊತ್ತಿರುತ್ತದೆ. ಕೊರಳಪಟ್ಟಿ ಎಲ್ಲಿ ಕೊರೆಯುತ್ತದೆ ಎಂಬುದು ಕಟ್ಟಿಕೊಂಡವನಿಗೇ ಗೊತ್ತು.

ಅವನ ಮೊದಲ ಯುದ್ಧ ನೇಪಾಳದ್ದು. ಆಗ ಅವನು ಇನ್ನೂ ಹುಡುಗ. ಆ ಯುದ್ಧದ ಆರಂಭ ಕಂಪನಿಗೆ ಭಾರೀ ಮುಖಭಂಗ. ಡೆಹ್ರಾಡೂನಿನ ಬಳಿಯ ನಾಲಾಪಾನಿ ಗುಡ್ಡದ ಸಣ್ಣ ಕೋಟೆಯಲ್ಲಿ ಬಲಭದ್ರ ಕುಂವರ್ ಸುಮಾರು 600 ಜನರನ್ನಿಟ್ಟುಕೊಂಡು ಕೂತಿದ್ದ. 1814ರ ಅಕ್ಟೋಬರ್ 31ರಂದು ಅದರ ಮೇಲೆ ನುಗ್ಗಿದ ಮೇಜರ್ ಜನರಲ್ ರೋಲೊ ಗಿಲೆಸ್ಪಿ ಅಲ್ಲೇ ಗುಂಡು ತಗುಲಿ ಸತ್ತ. ಈ ಹೆಸರು ನಮಗೆ ಹೊಸದಾಗಿರಬಾರದು. ಟಿಪ್ಪುವಿನ ಮಕ್ಕಳನ್ನು ಸೆರೆಯಲ್ಲಿಟ್ಟಿದ್ದ ವೇಲೂರು ಕೋಟೆಯಲ್ಲಿ 1806ರ ಜುಲೈ 10ರಂದು ಮದ್ರಾಸು ಸಿಪಾಯಿಗಳು ಎದ್ದಾಗ, ಆರ್ಕಾಟಿನಿಂದ ಕುದುರೆಪಡೆ ತಂದು ಅವರನ್ನು ನಿರ್ದಯವಾಗಿ ಕೊಲ್ಲಿಸಿದವನು ಇದೇ ಗಿಲೆಸ್ಪಿ. ಹೊಸ ಮಾದರಿಯ ಟೋಪಿ, ಹಣೆಯ ಮೇಲಿನ ನಾಮ ವಿಭೂತಿಗೆ ನಿಷೇಧ, ಗಡ್ಡಕ್ಕೆ ಕತ್ತರಿ: ವೇಲೂರಿನ ಕಾರಣಗಳೂ ಐವತ್ತು ವರ್ಷಗಳ ನಂತರ 1857ರ ದಂಗೆ ಶುರುವಾದ ಮೀರಠ್‌ನ ಕಾರಣಗಳೂ ಒಂದೇ ಗರಡಿಯವು. ಪಾಠ ಕಲಿಯಲು ಕಂಪನಿಗೆ ಅರ್ಧ ಶತಮಾನ ಸಾಕಾಗಲಿಲ್ಲ.

ನಮ್ಮ ಕಡೆಯವರ ಬಗ್ಗೆ ಕೇಳಿದ್ದೀರಿ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೀತಾರಾಮನ ಎರಡನೆಯ ಯುದ್ಧವಾದ 1817–18ರ ಪಿಂಡಾರಿ–ಮರಾಠಾ ಯುದ್ಧದಲ್ಲಿ ಮೈಸೂರಿನವರು ಇದ್ದರು. 1817ರ ಡಿಸೆಂಬರ್ 21ರಂದು ಮಹೀದ್‌ಪುರದಲ್ಲಿ ಹೋಳ್ಕರನ ಸೇನೆಯನ್ನು ಮುರಿದ ಪಡೆಯಲ್ಲಿ ಮೈಸೂರಿನ ಸಿಲ್ಲೇದಾರ್ ಕುದುರೆಪಡೆ (ಸ್ವಂತ ಕುದುರೆ ತರುತ್ತಿದ್ದ ಸವಾರರ ಪಡೆ) ಕಾದಿತು. ಅದೇ ಯುದ್ಧ ಮುಗಿದಾಗ ಪೇಶ್ವೆಯ ಕೈಯಲ್ಲಿದ್ದ ಧಾರವಾಡ, ಬೆಳಗಾವಿ ಕಂಪನಿಯ ಪಾಲಾದವು. ಆದರೆ ದಕ್ಷಿಣದ ಸೇನೆಯ ಹದವೇ ಬೇರೆ. 1809ರಿಂದ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟಿದ್ದ ಮದ್ರಾಸು ಪಲ್ಟನ್‌ಗಳಲ್ಲಿ ತೆಲುಗರು, ತಮಿಳರು, ಮುಸಲ್ಮಾನರು, ನಾನಾ ಜಾತಿಯವರು ಬೆರೆತಿದ್ದರು. ಹೆಂಡತಿ ಮಕ್ಕಳು ಪಲ್ಟನ್ನಿನ ಜೊತೆಗೇ ಇರುತ್ತಿದ್ದರು. ಹಡಗು ಹತ್ತಿ ಬರ್ಮಾಕ್ಕೂ ಹೋದರು, ಚೀನಾಕ್ಕೂ ಹೋದರು. ಆದ್ದರಿಂದ ಸೀತಾರಾಮನ ಬಾಳನ್ನು ಎಲ್ಲ ಭಾರತೀಯ ಸಿಪಾಯಿಗಳ ಬಾಳು ಎಂದು ಓದಬೇಡಿ. ಅದು ಬಂಗಾಳ ಸೇನೆಯ ಮೇಲ್ಜಾತಿಯ ಸಿಪಾಯಿಯ ಬಾಳು.

ಭರತಪುರವನ್ನು ಬೇಗ ದಾಟುತ್ತೇನೆ. 1805ರಲ್ಲಿ ಜನರಲ್ ಲೇಕ್ ನಾಲ್ಕು ಸಲ ನುಗ್ಗಿ ನಾಲ್ಕು ಸಲವೂ ಸೋತು ಹಿಂದಿರುಗಿದ್ದ ಮಣ್ಣಿನ ಕೋಟೆ ಅದು. ಗುಂಡು ಬಿದ್ದರೆ ಕಲ್ಲಿನ ಗೋಡೆ ಒಡೆಯುತ್ತದೆ, ದಪ್ಪ ಮಣ್ಣಿನ ಗೋಡೆ ಗುಂಡನ್ನೇ ನುಂಗಿಕೊಳ್ಳುತ್ತದೆ. 1826ರ ಜನವರಿ 18ರಂದು ಲಾರ್ಡ್ ಕಾಂಬರ್ಮಿಯರ್ ಬುಡಕ್ಕೆ ಸುರಂಗ ತೋಡಿಸಿ ಮದ್ದಿಟ್ಟು ಸಿಡಿಸಿ ಒಳಹೊಕ್ಕ. ಕಂಪನಿಯನ್ನು ಸೋಲಿಸಿದ ಕೋಟೆ ಎಂದು ಬಜಾರುಗಳಲ್ಲಿ ಇಪ್ಪತ್ತು ವರ್ಷ ನಡೆದ ಮಾತು ಅಂದಿಗೆ ಮುಗಿಯಿತು.

ಅಫ್ಘಾನಿಸ್ತಾನದ್ದು ಬೇರೆಯೇ ಕತೆ, ಇಲ್ಲಿ ನಿಧಾನಿಸಬೇಕು. ಪದಚ್ಯುತನಾಗಿದ್ದ ಷಾ ಶುಜಾನನ್ನು ಕಾಬೂಲಿನ ಗದ್ದುಗೆಯಲ್ಲಿ ಕೂರಿಸಲು 1838ರ ಕೊನೆಯಲ್ಲಿ ಸೇನೆ ಹೊರಟಿತು. ಷಾನ ಹೆಸರಿನಲ್ಲಿ ಕಂಪನಿಯೇ ಕಟ್ಟಿದ ಪಡೆಗೆ ಸೀತಾರಾಮ ಸೇರಿದ. ಬೋಲಾನ್ ಕಣಿವೆಯಲ್ಲಿ ನೀರಿಲ್ಲ, ಒಂಟೆಗಳು ಸಾವಿರಗಟ್ಟಲೆ ಸತ್ತವು, ಹಿಂದೆ ಬಿದ್ದವರನ್ನು ಬಲೂಚಿಗಳು ಮುಗಿಸಿದರು. ಸಿಂಧೂ ನದಿ ದಾಟಿದ್ದೇ ಮೈಲಿಗೆ ಎಂದುಕೊಂಡಿದ್ದವರಿಗೆ ಹಿಮದ ನಾಡಿನಲ್ಲಿ ಸ್ನಾನವಿಲ್ಲದೆ, ಸಿಕ್ಕಿದ್ದನ್ನು ಉಂಡು ಬದುಕಬೇಕಾಯಿತು. 1839ರ ಜುಲೈ 23ರಂದು ಘಜ್ನಿಯ ಬಾಗಿಲನ್ನು ಮದ್ದಿಟ್ಟು ಹಾರಿಸಿದರು, ಆಗಸ್ಟಿನಲ್ಲಿ ಷಾ ಕಾಬೂಲಿಗೆ ಬಂದ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡರು.

1841ರ ನವೆಂಬರ್ 2ರಂದು ಕಾಬೂಲ್ ಎದ್ದಿತು. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ಅದೇ ದಿನ ಸತ್ತ, ಡಿಸೆಂಬರಿನಲ್ಲಿ ರಾಯಭಾರಿ ಮ್ಯಾಕ್‌ನಾಟನ್. 1842ರ ಜನವರಿ 6ರಂದು ಸುಮಾರು 4,500 ಸೈನಿಕರು, 12,000ದಷ್ಟು ಪರಿವಾರದವರು ಮೊಣಕಾಲುದ್ದದ ಹಿಮದಲ್ಲಿ ಜಲಾಲಾಬಾದಿನ ಕಡೆ ಹೊರಟರು. ಒಂದೇ ವಾರದಲ್ಲಿ ಆ ಸೇನೆ ಇಲ್ಲವಾಯಿತು. ಜನವರಿ 13ರಂದು ಬಡಕಲು ಕುದುರೆಯ ಮೇಲೆ ಜಲಾಲಾಬಾದ್ ಮುಟ್ಟಿದ ಡಾಕ್ಟರ್ ಬ್ರೈಡನ್‌ನ ಚಿತ್ರವನ್ನು ನೀವು ನೋಡಿರಬಹುದು. ಅವನೊಬ್ಬನೇ ಉಳಿದ ಎಂಬ ಮಾತು ಶಾಲೆಯ ಪುಸ್ತಕದವರೆಗೂ ಬಂದಿದೆ, ಅದು ಸರಿಯಲ್ಲ. ಉಳಿದವರು ನೂರಾರು ಜನ. ಬ್ರಿಟಿಷ್ ಅಧಿಕಾರಿಗಳು, ಅವರ ಹೆಂಗಸರು ಮಕ್ಕಳು ಒತ್ತೆಯಾಳಾಗಿ ಉಳಿದರು. ಸಿಪಾಯಿಗಳು, ಅಡುಗೆಯವರು, ಕುದುರೆ ಕಾಯುವವರು ಕೈಕಾಲು ಹಿಮಕ್ಕೆ ಕೊಳೆತು ಕಾಬೂಲಿನ ಬೀದಿಯಲ್ಲಿ ಭಿಕ್ಷೆ ಬೇಡಿದರು, ಇಲ್ಲವೇ ಗುಲಾಮರಾಗಿ ಮಾರಾಟವಾದರು. ಮಾರಾಟವಾದವರಲ್ಲಿ ಸೀತಾರಾಮನೂ ಒಬ್ಬ. ಉಸ್ಮಾನ್ ಬೇಗ್ ಎಂಬವನು 240 ರೂಪಾಯಿಗೆ ಕೊಂಡನೆಂದು ಹೇಳಿಕೊಂಡಿದ್ದಾನೆ. ಸಿಪಾಯಿಯ ಸಂಬಳ ತಿಂಗಳಿಗೆ 7 ರೂಪಾಯಿ; ಅಂದರೆ ಕಂಪನಿ ಅವನಿಗೆ ಹತ್ತಿರ ಹತ್ತಿರ ಮೂರು ವರ್ಷ ಕೊಡುತ್ತಿದ್ದ ಹಣ.

ಕೊನೆಗೆ ತಪ್ಪಿಸಿಕೊಂಡು ಫಿರೋಜ್‌ಪುರದ ದಂಡಿಗೆ ಬಂದು ಬಿದ್ದ. ಊರಿಗೆ ಹೋದರೆ ಬಾಗಿಲು ತೆರೆಯಲಿಲ್ಲ. ಸಿಂಧೂ ದಾಟಿದವನು, ಮುಸಲ್ಮಾನರ ಮನೆಯಲ್ಲಿ ಗುಲಾಮನಾಗಿದ್ದವನು, ಇವನಿಗೆ ಇನ್ನೆಲ್ಲಿಯ ಜನಿವಾರ? ಬ್ರಾಹ್ಮಣರಿಗೆ ದಕ್ಷಿಣೆ, ಊಟ, ಪ್ರಾಯಶ್ಚಿತ್ತ ಎಲ್ಲ ಆದ ಮೇಲೆಯೇ ಅವನು ಮತ್ತೆ ಪಂಕ್ತಿಗೆ ಸೇರಿದ್ದು. ಯುದ್ಧದಲ್ಲಿ ಉಳಿಸಿದ ದುಡ್ಡು ಶುದ್ಧಿಗೆ ಹೋಯಿತು. ಕಾಬೂಲಿನಿಂದ ಬಂದ ಸಾವಿರಾರು ಸಿಪಾಯಿಗಳಿಗೆ ಈ ಅವಮಾನ ಆಗಿರಬೇಕು. ಸೋಲಿನ ಸುದ್ದಿಯೊಂದಿಗೆ ಅದೂ ಊರೂರಿಗೆ ಹೋಯಿತು. ಕಂಪನಿಯ ಇಕ್ಬಾಲ್, ಅಂದರೆ ಅದರ ಅದೃಷ್ಟದ ಮೇಲೆ ಸಿಪಾಯಿಗಿದ್ದ ನಂಬಿಕೆ ಕಾಬೂಲಿನ ನಂತರ ಹಳೆಯ ಮಟ್ಟಕ್ಕೆ ಏರಲೇ ಇಲ್ಲ.

ಸಿಖ್ಖರ ಜೊತೆಗಿನ ಯುದ್ಧಗಳು ಸಿಪಾಯಿ ಕಂಡ ಅತಿ ಕಠಿಣ ಕಾಳಗಗಳು. ಎದುರಿಗಿದ್ದದ್ದು ರಣಜಿತ್ ಸಿಂಗ್ ಫ್ರೆಂಚ್ ಅಧಿಕಾರಿಗಳಿಂದ ಪಳಗಿಸಿದ ಖಾಲ್ಸಾ ಸೇನೆ, ಅದರ ತೋಪುಗಳು ಕಂಪನಿಯವಕ್ಕೆ ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ. 1845ರ ಡಿಸೆಂಬರ್ 21–22ರ ಫಿರೋಜ್‌ಶಾ ಕಾಳಗದಲ್ಲಿ ಕಂಪನಿಯ ಕಡೆ ಸತ್ತವರು, ಗಾಯಗೊಂಡವರು 2,400ರಷ್ಟು. ಆ ರಾತ್ರಿ ಗವರ್ನರ್ ಜನರಲ್ ಹಾರ್ಡಿಂಜ್ ಸೋಲನ್ನು ನಿಶ್ಚಯ ಮಾಡಿಕೊಂಡಿದ್ದ. 1846ರ ಫೆಬ್ರುವರಿ 10ರಂದು ಸೋಬ್ರಾಂವ್‌ನಲ್ಲಿ ಹಿಂದೆ ಸರಿಯುತ್ತಿದ್ದ ಸಿಖ್ ಸೈನಿಕರ ಕಾಲಡಿ ಸಟ್ಲೆಜ್‌ನ ದೋಣಿ ಸೇತುವೆ ಮುರಿದು ಸಾವಿರಾರು ಜನ ನೀರುಪಾಲಾದರು.

ಇಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಕಾಳಗದ್ದಲ್ಲ, ಸಂಬಳದ್ದು. ಪರರಾಜ್ಯದಲ್ಲಿ ಸೇವೆ ಮಾಡಿದರೆ ಸಿಪಾಯಿಗೆ ಹೆಚ್ಚುವರಿ ಭತ್ಯೆ ಸಿಗುತ್ತಿತ್ತು. 7 ರೂಪಾಯಿಯಲ್ಲಿ ಊಟವೂ ಅವನದೇ, ಉಡುಪಿನ ಕಡಿತವೂ ಅವನದೇ, ಹಾಗಾಗಿ ಆ ಭತ್ಯೆಯೇ ಊರಿಗೆ ಕಳಿಸುವ ಹಣ. 1849ರಲ್ಲಿ ಪಂಜಾಬನ್ನು ಗೆದ್ದು ಕಂಪನಿಯ ರಾಜ್ಯಕ್ಕೆ ಸೇರಿಸಿದ ಕೂಡಲೇ ಅದು ಪರದೇಶವಾಗಿ ಉಳಿಯಲಿಲ್ಲ, ಭತ್ಯೆ ನಿಂತಿತು. ಪ್ರಾಣ ಪಣವಿಟ್ಟು ಗೆದ್ದವನಿಗೆ ಗೆಲುವಿನ ಫಲ ಸಂಬಳ ಕಡಿತ! 1850ರಲ್ಲಿ ಗೋವಿಂದಗಢದಲ್ಲಿ 66ನೇ ಪಲ್ಟನ್ ಗಲಾಟೆ ಎಬ್ಬಿಸಿತು. ಸೇನಾಧಿಪತಿ ಸರ್ ಚಾರ್ಲ್ಸ್ ನೇಪಿಯರ್ ಅದನ್ನು ವಿಸರ್ಜಿಸಿ ಆ ಸಂಖ್ಯೆಯನ್ನೇ ಗೂರ್ಖಾ ಪಲ್ಟನ್ನಿಗೆ ಕೊಟ್ಟ. 1857ರ ಕಾರಣ ಕೇಳಿದರೆ ಎಲ್ಲರೂ ಹಂದಿ ದನದ ಕೊಬ್ಬಿನ ಕಾಡತೂಸು ಎನ್ನುತ್ತಾರೆ. ಭತ್ಯೆಯ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು, 1856ರಲ್ಲಿ ಅವಧ್ ರಾಜ್ಯವನ್ನೇ ಕಿತ್ತುಕೊಂಡದ್ದನ್ನೂ ಇಡಬೇಕು. ಸಿಪಾಯಿಯ ಹೊಲ, ಮನೆ, ನೆಂಟರು ಎಲ್ಲ ಅಲ್ಲಿದ್ದವು.

ಬಡ್ತಿಯ ಕತೆಯೂ ಇಷ್ಟೇ. ಸಿಪಾಯಿ, ನಾಯಕ, ಹವಾಲ್ದಾರ, ಜಮಾದಾರ, ಸುಬೇದಾರ. ಬಂಗಾಳ ಸೇನೆಯಲ್ಲಿ ಈ ಮೆಟ್ಟಿಲು ಹತ್ತಲು ಇದ್ದ ದಾರಿ ಒಂದೇ: ಮುಂದಿದ್ದವನು ಸಾಯಬೇಕು ಇಲ್ಲವೇ ಪಿಂಚಣಿಗೆ ಹೋಗಬೇಕು. ಸೀತಾರಾಮ ಸುಬೇದಾರನಾಗುವ ಹೊತ್ತಿಗೆ ಅರವತ್ತು ದಾಟಿದ ಮುದುಕ. ಮೂವತ್ತು ವರ್ಷ ಮೊದಲೇ ಈ ಪದವಿ ಬಂದಿದ್ದರೆ ತಾನು ಅದಕ್ಕೆ ತಕ್ಕವನಾಗಿರುತ್ತಿದ್ದೆ ಎಂದು ಅವನೇ ಹೇಳುತ್ತಾನೆ. ಅಷ್ಟು ಮೇಲೇರಿದರೂ ನಿನ್ನೆ ಮೊನ್ನೆ ಹಡಗಿನಿಂದಿಳಿದ ಹದಿನೆಂಟರ ಬಿಳಿಯ ಹುಡುಗನಿಗೆ ಅವನೇ ಸಲಾಮು ಹೊಡೆಯಬೇಕು. ಹಿಂದಿನ ಸಾಹೇಬರು ತಮ್ಮ ಮಾತು ಕಲಿಯುತ್ತಿದ್ದರು, ತಮ್ಮ ಜೊತೆ ಕುಸ್ತಿ ಹಿಡಿಯುತ್ತಿದ್ದರು, ಈಗಿನವರಿಗೆ ತಾವು ಬೇಡ ಎಂಬ ಅವನ ದೂರು ಬಹಳ ಪ್ರಸಿದ್ಧವಾಗಿದೆ. ನನಗೆ ಇದರಲ್ಲಿ ಅರ್ಧದಷ್ಟು ನಿಜ ಕಾಣುತ್ತದೆ. ಉಳಿದರ್ಧ ಎಲ್ಲ ಮುದುಕರಿಗೂ ತಮ್ಮ ಹಳೆಯ ದಣಿಗಳ ಬಗ್ಗೆ ಇರುವ ಮಮತೆ.

ಈಗ ಮಗನ ವಿಷಯ. ನೀವು ಕೇಳಿದ ರೂಪದಲ್ಲಿ ಅದು ನಡೆಯಲಿಲ್ಲ. ದಂಗೆ ಎದ್ದಾಗ ಸೀತಾರಾಮ ರಜೆಯ ಮೇಲೆ ಊರಿನಲ್ಲಿದ್ದ. ದಂಗೆಕೋರರ ಜೊತೆ ಸೇರಲು ಒಪ್ಪದ್ದಕ್ಕೆ ಅವರು ಅವನಿಗೆ ಬೇಡಿ ಹಾಕಿ ಲಖ್ನೋ ಕಡೆಗೆ ಒಯ್ದರು. ದಾರಿಯಲ್ಲಿ ಬ್ರಿಟಿಷ್ ಕಡೆಯ ಕುದುರೆಪಡೆ ಬಿಡಿಸಿತು, ಮತ್ತೆ ಸೇವೆಗೆ ಸೇರಿದ. ಒಂದು ದಿನ ಸೆರೆಸಿಕ್ಕ ದಂಗೆಕೋರರನ್ನು ಗುಂಡಿಟ್ಟು ಕೊಲ್ಲುವ ತುಕಡಿಯ ಹೊಣೆ ಅವನ ಮೇಲೆ ಬಿತ್ತು. ಹೆಸರು, ಪಲ್ಟನ್ ವಿಚಾರಿಸುತ್ತ ಹೋದಾಗ ಅವರಲ್ಲೊಬ್ಬ ಅವನದೇ ಮಗ, ಅನಂತಿರಾಮ. ಈ ಕೆಲಸದಿಂದ ಬಿಡಿಸಿ ಎಂದು ಮೇಜರನನ್ನು ಬೇಡಿಕೊಂಡ. ಮೇಜರ್ ಮೊದಲು ಸಿಟ್ಟಾದ, ನಂಬಲಿಲ್ಲ, ಕೊನೆಗೆ ಬೇರೊಬ್ಬನನ್ನು ನೇಮಿಸಿದ. ಮಗನ ಜೀವ ಉಳಿಸಿ ಎಂದು ಸೀತಾರಾಮ ಕೇಳಲಿಲ್ಲ. ಡೇರೆಯಲ್ಲಿ ಕೂತು ಗುಂಡಿನ ಸದ್ದು ಕೇಳಿಸಿಕೊಂಡ, ಆಮೇಲೆ ಅಪ್ಪಣೆ ಪಡೆದು ಸಂಸ್ಕಾರ ಮಾಡಿದ.

ನಮ್ಮ ಹಳೆಗನ್ನಡ ಕಾವ್ಯಗಳ ಜೋಳವಾಳಿಯ, ಅಂದರೆ ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡುವ ವೀರರಿಗೆ ಈ ನಡತೆ ಅರ್ಥವಾಗುತ್ತಿತ್ತೇನೋ. ನನಗೆ ಅಷ್ಟು ಸುಲಭವಾಗಿ ಆಗುವುದಿಲ್ಲ. ಇಡೀ ವೃತ್ತಾಂತದಲ್ಲಿ ವಿದ್ವಾಂಸರ ಅನುಮಾನ ಅತಿ ಹೆಚ್ಚು ಬಿದ್ದಿರುವುದೂ ಇಂಥ ಭಾಗಗಳ ಮೇಲೆಯೇ. ಉಪ್ಪುಂಡ ಮನೆಗೆ ಎರಡು ಬಗೆಯದ ಸಿಪಾಯಿ, ದಾರಿ ತಪ್ಪಿದ ಮಗ, ದಯಾಳು ಮೇಜರ್: 1857 ಆದ ಮೇಲೆ ಬ್ರಿಟಿಷ್ ಓದುಗನಿಗೆ ಇದಕ್ಕಿಂತ ಹಿತವಾದ ಕತೆ ಬೇಕಿರಲಿಲ್ಲ. ಆದರೆ ಹಿತವಾಗಿದೆ ಎಂಬುದೇ ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ. ತಂದೆ ಕಂಪನಿಯ ಕಡೆ, ಮಗ ದಂಗೆಯ ಕಡೆ ನಿಂತ ಮನೆಗಳು ಅವಧ್‌ನಲ್ಲಿ ಇದ್ದೇ ಇದ್ದವು.

ಇಲ್ಲಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಈ ಬರಹ ನಮಗೆ ಬಂದಿರುವುದು ಒಬ್ಬ ಬ್ರಿಟಿಷ್ ಅಧಿಕಾರಿಯ ಕೈ ದಾಟಿ. ಸುಬೇದಾರ ನಿವೃತ್ತನಾದ ಮೇಲೆ ತನ್ನ ಭಾಷೆಯಲ್ಲಿ ಬರೆದುಕೊಟ್ಟದ್ದನ್ನು ತಾನು ಇಂಗ್ಲಿಷಿಗೆ ತಂದೆ ಎಂದು ನಾರ್ಗೇಟ್ ಎಂಬ ಲೆಫ್ಟಿನೆಂಟ್ ಕರ್ನಲ್ 1873ರಲ್ಲಿ ಲಾಹೋರಿನಲ್ಲಿ ಅಚ್ಚು ಹಾಕಿಸಿದ. ಹಾಗಾಗಿ ನಾನು ಅದನ್ನು ಎರಡು ಪದರವಾಗಿ ಓದುತ್ತೇನೆ. ಸಂಬಳ, ಕೊರಳಪಟ್ಟಿ, ಹವಾಲ್ದಾರನ ಲಂಚ, ಪ್ರಾಯಶ್ಚಿತ್ತದ ಖರ್ಚು ಇವೆಲ್ಲ ಸೇನೆಯ ಕಡತಗಳಿಗೂ ಆ ಕಾಲದ ಬೇರೆ ಬರಹಗಳಿಗೂ ಹೊಂದುತ್ತವೆ. ಇವುಗಳ ಹಿಂದೆ ಒಬ್ಬ ಸಿಪಾಯಿ ಇದ್ದೇ ಇದ್ದಾನೆ, ಅಥವಾ ಹಲವರು. ಸೇನೆಯನ್ನು ಹೇಗೆ ಸುಧಾರಿಸಬೇಕು, ಶಿಸ್ತು ಎಷ್ಟು ಬಿಗಿಯಿರಬೇಕು ಎಂಬ ಉಪದೇಶಗಳಲ್ಲಿ ನನಗೆ ಕೇಳಿಸುವುದು ಆಗ ಅಧಿಕಾರಿಗಳ ಊಟದ ಮೇಜಿನಲ್ಲಿ ನಡೆಯುತ್ತಿದ್ದ ಚರ್ಚೆ. ಪೂರ್ತಿ ಕಟ್ಟುಕತೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ, ಅಕ್ಷರಶಃ ನಂಬುವವರ ಜೊತೆಯೂ ಇಲ್ಲ.

ಮೂಲ ಪ್ರತಿಯನ್ನು ಹುಡುಕುವ ಶ್ರಮ ಬೇಡ, ಅದು ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಟ್ ಎಂಬ ಅಧಿಕಾರಿ ಇಂಗ್ಲಿಷಿನಿಂದ ಅದನ್ನು ಉರ್ದುವಿಗೆ ತಿರುಗಿಸಿದ. ಬ್ರಿಟಿಷ್ ಅಧಿಕಾರಿಗಳ ಹಿಂದುಸ್ತಾನಿ ಪರೀಕ್ಷೆಗೆ ಅದೇ ಪಠ್ಯವಾಯಿತು. ಹಳೆಯ ಪುಸ್ತಕದಂಗಡಿಯಲ್ಲಿ ಉರ್ದು ಪ್ರತಿ ಕಂಡು ಇದೇ ಸುಬೇದಾರನ ಸ್ವಂತ ಮಾತು ಎಂದು ಯಾರಾದರೂ ಹೇಳಿದರೆ ಮೋಸ ಹೋಗಬೇಡಿ. ಇಂಗ್ಲಿಷಿನಲ್ಲಿ 1970ರಲ್ಲಿ ಜೇಮ್ಸ್ ಲಂಟ್ ಸಂಪಾದಿಸಿದ ಆವೃತ್ತಿ ಸುಲಭವಾಗಿ ಸಿಗುತ್ತದೆ. ಕಾಬೂಲಿನ ಸೆರೆಯ ಅಧ್ಯಾಯಗಳಿಂದ ಶುರುಮಾಡಿ, ಅಡಿಟಿಪ್ಪಣಿಗಳನ್ನು ಬಿಡಬೇಡಿ.